ಬಿಸಿಲ ನಾಡಿನ ಮನೆಗೆ ಯಾವ ತಗಡು? ಪತ್ರಾಸ್, ಕಲರ್ ಶೀಟ್, ಪಫ್ ಪ್ಯಾನೆಲ್: ಒಂದು ಹೋಲಿಕೆ

ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಕುಷ್ಟಗಿ ಕಡೆಯ ಯಾವುದಾದರೂ ಪತ್ರಾಸ್ (ಸತು ಲೇಪಿಸಿದ ತಗಡು) ಹೊದಿಸಿದ ಮನೆಯೊಳಗೆ ಹೋಗಿ ಅರ್ಧ ತಾಸು ಕುಳಿತು ನೋಡಿ. ಫ್ಯಾನ್ ತಿರುಗುತ್ತಿರುತ್ತದೆ, ಆದರೆ ಮೈಗೆ ತಾಗುವುದು ಒಲೆಯ ಮುಂದಿನ ಝಳ. ಕೊಡದ ನೀರೂ ಬೆಚ್ಚಗಾಗಿರುತ್ತದೆ. ಅಲ್ಲಿಂದ ಎದ್ದು ಅದೇ ಓಣಿಯ ಹಳೆಯ ಮಣ್ಣಿನ ಮಾಳಿಗೆ ಮನೆಯ ಪಡಸಾಲೆಗೆ ಹೋಗಿ. ಅಲ್ಲಿ ಅಜ್ಜ ಬರಿ ನೆಲದ ಮೇಲೆ ಟವೆಲ್ ಹಾಸಿಕೊಂಡು ನಿದ್ದೆ ಹೋಗಿರುತ್ತಾನೆ.

ಮನೆಗೆ ತಗಡು ಹಾಕಿಸಬೇಕು ಎಂದು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು "ಮಳಿ ಸೋರಂಗಿಲ್ಲ ಹೌದಿಲ್ರೀ?" ಅಂತ. ನಾನೂ ಹಾಗೇ ಕೇಳಿದ್ದೆ. ಆದರೆ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 600 ಮಿ.ಮೀ. ಬಿಸಿಲು ಮಾತ್ರ ಮಾರ್ಚ್‌ನಿಂದ ಜೂನ್‌ವರೆಗೆ ಬಿಡುವುದಿಲ್ಲ, 40 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ಅದರ ಜೊತೆಗೆ ಏಪ್ರಿಲ್, ಮೇ ತಿಂಗಳ ಬಿರುಗಾಳಿ. ಸೋರದಂತೆ ಮಾಡುವುದು ಕಷ್ಟದ ಕೆಲಸವಲ್ಲ. ಕಾಯದಂತೆ, ಹಾರದಂತೆ ಮಾಡುವುದು ಕಷ್ಟ. ಹಾಗಾಗಿ ಇಲ್ಲಿ ನಾನು ಒಂದೊಂದು ತಗಡನ್ನೂ ಬಿಸಿಲು ಮತ್ತು ಗಾಳಿ ಎಂಬ ಎರಡು ಅಳತೆಗಳಿಂದಲೇ ನೋಡುತ್ತೇನೆ.

ತೂಕದಿಂದ ಶುರು ಮಾಡೋಣ

20 ಅಡಿ ಅಗಲ, 30 ಅಡಿ ಉದ್ದದ ಒಂದು ಮನೆ ಅಂದುಕೊಳ್ಳಿ. ಅದರ ಮಾಳಿಗೆಯ ಮೇಲೆ ಒಂದು ಅಡಿ ದಪ್ಪದ ಮಣ್ಣು ಇದ್ದರೆ ಆ ಮಣ್ಣಿನ ತೂಕವೇ 25 ಟನ್ ದಾಟುತ್ತದೆ. ಐದು ಇಂಚಿನ ಆರ್‌ಸಿಸಿ ಹಾಕಿದರೆ ಸುಮಾರು 17 ಟನ್. ಅದೇ ಮನೆಗೆ ಅರ್ಧ ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡು ಹೊದಿಸಿದರೆ ಎಲ್ಲ ಶೀಟುಗಳ ತೂಕ ಸೇರಿ 300 ಕೆಜಿಯ ಆಸುಪಾಸು. ನಾಲ್ಕು ಜೋಳದ ಚೀಲ ಅಷ್ಟೇ.

ತಗಡಿನ ಎಲ್ಲ ಲಾಭ, ಎಲ್ಲ ತೊಂದರೆ ಈ ಲೆಕ್ಕದಲ್ಲೇ ಇದೆ. ತೂಕ ಕಡಿಮೆ, ಆದ್ದರಿಂದ ಹಳೆಯ ಗೋಡೆ ತಡೆಯುತ್ತದೆ, ನಾಲ್ಕು ದಿನದಲ್ಲಿ ಕೆಲಸ ಮುಗಿಯುತ್ತದೆ, ಖರ್ಚೂ ಕಡಿಮೆ. ಆದರೆ ಬಿಸಿಲಿನ ಕಾವನ್ನು ತಡೆದು ನಿಲ್ಲಿಸುವ ದಪ್ಪ ಅದಕ್ಕಿಲ್ಲ. ಗಾಳಿಗೆ ಎದುರು ನಿಲ್ಲುವ ಭಾರವೂ ಇಲ್ಲ. ಗಂಟೆಗೆ 100 ಕಿ.ಮೀ. ವೇಗದ ಗಾಳಿ ಬಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 47 ಕೆಜಿಯಷ್ಟು ಒತ್ತಡ ಬೀಳುತ್ತದೆ. ಆ ಜಾಗದ ತಗಡಿನ ತೂಕ ಐದು ಕೆಜಿಯೂ ಇಲ್ಲ. ಅದನ್ನು ಹಿಡಿದಿಡುವುದು ಬರೀ ಸ್ಕ್ರೂ, ಪೈಪು, ಮತ್ತೆ ಪೈಪನ್ನು ಗೋಡೆಗೆ ಕಟ್ಟಿದ ರೀತಿ.

ನಮ್ಮ ಮನೆಯ ಹಿಂದಿನ ಎರಡು ಅಂಕಣಕ್ಕೆ (ಕಂಬದಿಂದ ಕಂಬದವರೆಗಿನ ಜಾಗ) ಮೊದಲ ಸಲ ಹಾಕಿಸಿದ್ದು 0.35 ಮಿ.ಮೀ. ದಪ್ಪದ ಪತ್ರಾಸ್. ಪೈಪುಗಳನ್ನು ಗೋಡೆಯ ಮೇಲಿಟ್ಟು ಸುತ್ತ ಒಂದಿಷ್ಟು ಸಿಮೆಂಟ್ ಮೆತ್ತಿದ್ದರು. ಸ್ಕ್ರೂ ಕಡಿಮೆ ಬಿದ್ದಿದ್ದಕ್ಕೆ ಮೇಲೆ ಕಲ್ಲು ಹೇರಿದ್ದರು. ಎರಡನೇ ಬೇಸಿಗೆಯಲ್ಲೇ ಒಂದು ಸಂಜೆ ಗಾಳಿ ಎದ್ದಿತು. ಮೂರು ಶೀಟು ಪೈಪಿನ ಸಮೇತ ಎದ್ದು ಪಕ್ಕದ ಹಿತ್ತಿಲಿಗೆ ಬಿದ್ದವು. ಒಂದು ಕಲ್ಲು ಅಡುಗೆ ಮನೆಯೊಳಗೆ ಬಿತ್ತು. ಅವ್ವ ಆಗಷ್ಟೇ ರೊಟ್ಟಿ ಬಡಿದು ಎದ್ದು ಹೊರಗೆ ಹೋಗಿದ್ದಳು. ಆ ಕಲ್ಲು ಬಿದ್ದ ಜಾಗವನ್ನು ನಾನು ಇವತ್ತಿಗೂ ಮರೆತಿಲ್ಲ. ತಗಡಿನ ಮೇಲೆ ಕಲ್ಲು ಇಡುವ ರೂಢಿ ನಮ್ಮ ಊರುಗಳಲ್ಲಿ ಎಲ್ಲ ಕಡೆ ಇದೆ. ದಯವಿಟ್ಟು ಇಡಬೇಡಿ. ಗಾಳಿ ತಗಡನ್ನು ಎತ್ತಿದರೆ ಕಲ್ಲು ಒಳಗೇ ಬೀಳುವುದು.

ಇನ್ನು ಒಂದೊಂದಾಗಿ ನೋಡೋಣ.

ಸಾದಾ ಪತ್ರಾಸ್, ಅಂದರೆ ಜಿಐ ಶೀಟು

ಕಬ್ಬಿಣದ ಹಾಳೆಗೆ ಸತುವಿನ ಲೇಪನ ಮಾಡಿದ್ದು ಇದು. ಬೆಲೆಯಲ್ಲಿ ಎಲ್ಲಕ್ಕಿಂತ ಅಗ್ಗ, ಎಲ್ಲ ಊರಲ್ಲೂ ಸಿಗುತ್ತದೆ. ಇದರಲ್ಲಿ ನೋಡಬೇಕಾದದ್ದು ಎರಡು: ಹಾಳೆಯ ದಪ್ಪ ಮತ್ತು ಸತುವಿನ ಪ್ರಮಾಣ. ಸತುವನ್ನು ಜಿಎಸ್‌ಎಂ ಲೆಕ್ಕದಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರಿಗೆ ಎರಡೂ ಮೈ ಸೇರಿ ಎಷ್ಟು ಗ್ರಾಂ ಎಂದು. 120 ಜಿಎಸ್‌ಎಂ ಇರುವುದೂ ಪತ್ರಾಸೇ, 275 ಇರುವುದೂ ಪತ್ರಾಸೇ. ನೋಡಲು ಎರಡೂ ಒಂದೇ ಥರ ಹೊಳೆಯುತ್ತವೆ. 275 ಇದ್ದರೆ ಒಂದೊಂದು ಮೈಗೆ ಸುಮಾರು 20 ಮೈಕ್ರಾನ್ ಸತು ಕೂತಿರುತ್ತದೆ. ಸತು ತಾನು ಸವೆಯುತ್ತಾ ಕಬ್ಬಿಣವನ್ನು ಕಾಯುತ್ತದೆ. ಸತು ಎರಡರಷ್ಟು ಇದ್ದರೆ ತಗಡಿನ ಆಯುಷ್ಯವೂ ಹೆಚ್ಚುಕಡಿಮೆ ಎರಡರಷ್ಟು.

ಹೊಸ ಪತ್ರಾಸ್ ಕನ್ನಡಿಯಂತೆ ಹೊಳೆಯುತ್ತದೆ, ಬಿಸಿಲನ್ನು ವಾಪಸ್ ಕಳಿಸುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಬೆಳಕನ್ನು ಕಳಿಸುತ್ತದೆ ನಿಜ. ಆದರೆ ಒಮ್ಮೆ ಕಾದ ಮೇಲೆ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುವುದರಲ್ಲಿ ಹೊಳೆಯುವ ಲೋಹ ಬಹಳ ನಿಧಾನ. ಹೊಳಪು ಹೋಗಿ ಬೂದು ಬಣ್ಣಕ್ಕೆ ತಿರುಗಿದ ಮೇಲೆ ಬಿಸಿಲನ್ನೂ ಜಾಸ್ತಿ ಹೀರುತ್ತದೆ. ಜನ ಇರುವ ಕೋಣೆಗೆ ಬರೀ ಪತ್ರಾಸ್ ಹಾಕಬೇಡಿ ಎನ್ನುವುದು ನನ್ನ ಮಾತು. ಸೌದೆ, ಹೊಟ್ಟು, ಟ್ರ್ಯಾಕ್ಟರ್ ನಿಲ್ಲಿಸುವ ಜಾಗಕ್ಕೆ ಇದು ಸಾಕು.

ಕಲರ್ ಶೀಟು

ಈಗ ಸಿಂಧನೂರಿನಿಂದ ಸಿರುಗುಪ್ಪದವರೆಗೆ ಹೊಸ ಮನೆಗಳ ಮೇಲೆ ಕಾಣುವ ನೀಲಿ, ಕೆಂಪು, ಹಸಿರು ತಗಡು ಇದು. ಒಳಗೆ ಕಬ್ಬಿಣ, ಅದರ ಮೇಲೆ ಲೋಹದ ಲೇಪನ, ಅದರ ಮೇಲೆ ಬಣ್ಣ. ಬಣ್ಣ ನೋಡಿ ಮರುಳಾಗುವ ಮೊದಲು ನಡುವಿನ ಲೇಪನ ಯಾವುದು ಎಂದು ಕೇಳಿ. ಬರೀ ಸತು ಇದ್ದರೆ ಅದು ಬಣ್ಣ ಬಳಿದ ಪತ್ರಾಸ್. ಗ್ಯಾಲ್ವಾಲ್ಯೂಮ್ ಆದರೆ ಅದರಲ್ಲಿ 55 ಪಾಲು ಅಲ್ಯುಮಿನಿಯಂ, 43.4 ಪಾಲು ಸತು, 1.6 ಪಾಲು ಸಿಲಿಕಾನ್ ಇರುತ್ತದೆ. ಮಳೆ-ಬಿಸಿಲಿಗೆ ಇದು ಬರೀ ಸತುವಿಗಿಂತ ಎಷ್ಟೋ ಜಾಸ್ತಿ ತಡೆಯುತ್ತದೆ. ಇದರ ಪ್ರಮಾಣವನ್ನು ಎಝಡ್ 70, ಎಝಡ್ 100, ಎಝಡ್ 150 ಎಂದು ಹೇಳುತ್ತಾರೆ. ಮನೆಗಾದರೆ 150 ಕೇಳಿ. ಗುಣಮಟ್ಟ ನಿಗದಿ ಮಾಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನಲ್ಲೂ ಇವೆರಡಕ್ಕೆ ಬೇರೆ ಬೇರೆ ಸಂಖ್ಯೆ ಇದೆ: ಸತುವಿನ ಮೇಲೆ ಬಣ್ಣ ಇದ್ದರೆ ಐಎಸ್ 14246, ಅಲ್ಯುಮಿನಿಯಂ-ಸತುವಿನ ಮೇಲಾದರೆ ಐಎಸ್ 15965.

ಬಣ್ಣದ ವಿಷಯಕ್ಕೆ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ದುಡ್ಡು ಜಾಸ್ತಿ ಕೊಡದೆ ಮನೆಯನ್ನು ತಂಪು ಮಾಡುವ ದಾರಿ ಇದೊಂದೇ. ಬಿಳಿ ತಗಡು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಅರ್ಧಕ್ಕಿಂತ ಎಷ್ಟೋ ಜಾಸ್ತಿಯನ್ನು ವಾಪಸ್ ಕಳಿಸುತ್ತದೆ. ಕಡು ನೀಲಿ, ಕಡು ಕೆಂಪು ಬಹುಪಾಲನ್ನು ಹೀರಿಕೊಳ್ಳುತ್ತವೆ. ನಮ್ಮ ಮೇ ತಿಂಗಳ ಬಿಸಿಲಿಗೆ ಕಡು ಬಣ್ಣದ ತಗಡಿನ ಮೈ 60 ಡಿಗ್ರಿ ದಾಟುತ್ತದೆ. ಬಿಳಿಯಾಗಲಿ ಕಡು ನೀಲಿಯಾಗಲಿ, ಅದೇ ಕಂಪನಿ, ಅದೇ ದಪ್ಪ, ಹೆಚ್ಚುಕಡಿಮೆ ಅದೇ ಬೆಲೆ. ಆದರೂ ಹತ್ತು ಮನೆಯಲ್ಲಿ ಎಂಟು ಮನೆಯವರು ನೀಲಿ ಹಾಕಿಸುತ್ತಾರೆ. "ಬಿಳೇದು ಹೊಲಸ ಕಾಣತೈತ್ರಿ" ಎನ್ನುತ್ತಾರೆ. ಸಂಡೂರು ಕಡೆ ಅದಿರಿನ ಕೆಂಪು ಧೂಳು, ಕೊಪ್ಪಳದ ಗಿಣಿಗೇರಾ ಸುತ್ತ ಕಾರ್ಖಾನೆಗಳ ಕಪ್ಪು ಧೂಳು, ರಾಯಚೂರಿನ ಶಕ್ತಿನಗರದ ಹತ್ತಿರ ಹಾರುವ ಬೂದಿ, ಇವೆಲ್ಲ ಬಿಳಿ ತಗಡಿನ ಮೇಲೆ ಎದ್ದು ಕಾಣುತ್ತವೆ ನಿಜ. ಅಂಥ ಕಡೆ ಇರುವವರು ವರ್ಷಕ್ಕೆರಡು ಸಲ ಪೈಪ್ ಹಿಡಿದು ತೊಳೆಯಬೇಕು. ಯಾವ ಬಣ್ಣದ ತಗಡಿಗಾದರೂ ಅದು ಒಳ್ಳೆಯದೇ. ಕಬ್ಬಿಣದ ಧೂಳು ಇಬ್ಬನಿಗೆ ನೆನೆದು ಕೂತರೆ ತುಕ್ಕಿನ ಕಲೆ ಬೀಳುತ್ತದೆ.

ಹಳೆ ತಗಡಿಗೆ ಸುಣ್ಣ ಬಳಿಯುವ ಅಭ್ಯಾಸ ಕೆಲವರಿಗಿದೆ. ಆರ್‌ಸಿಸಿ ಮೇಲೆ ಸುಣ್ಣ ಬಳಿಯಿರಿ, ಒಳ್ಳೆಯದೇ. ತಗಡಿನ ಮೇಲೆ ಬೇಡ. ಹಸಿ ಸುಣ್ಣ, ಹಸಿ ಸಿಮೆಂಟ್ ಎರಡೂ ಸತುವನ್ನೂ ಅಲ್ಯುಮಿನಿಯಂನ್ನೂ ತಿನ್ನುತ್ತವೆ. ಗೋಡೆಗೂ ತಗಡಿಗೂ ನಡುವಿನ ಸಂದನ್ನು ಸಿಮೆಂಟಿನಿಂದ ಮುಚ್ಚಿದ ಮನೆಗಳಲ್ಲಿ ಮೊದಲು ತೂತು ಬೀಳುವುದು ಅಲ್ಲೇ. ಲೋಹಕ್ಕೆಂದೇ ಮಾಡಿದ ಬಿಳಿ ಕೂಲ್ ರೂಫ್ ಬಣ್ಣ ಸಿಗುತ್ತದೆ, ಅದನ್ನು ಬಳಿಸಿ.

ಇನ್ನೊಂದು ಎಚ್ಚರಿಕೆ. ದನದ ಕೊಟ್ಟಿಗೆಯ ಮೇಲೆ ಗ್ಯಾಲ್ವಾಲ್ಯೂಮ್ ಹಾಕಬೇಡಿ. ಗಂಜಲದಿಂದ ಏಳುವ ಅಮೋನಿಯಾ ಆ ಲೇಪನಕ್ಕೆ ಆಗಿಬರುವುದಿಲ್ಲ. ಕಂಪನಿಗಳ ಗ್ಯಾರಂಟಿ ಕಾಗದದಲ್ಲಿ ಇದನ್ನು ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಮನೆಗೂ ಕೊಟ್ಟಿಗೆಗೂ ಒಂದೇ ಸೂರು ಇರುವ ನಮ್ಮ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ.

ಅಲ್ಯುಮಿನಿಯಂ

ತುಕ್ಕು ಹಿಡಿಯುವುದಿಲ್ಲ, ಕಬ್ಬಿಣದ ಮೂರನೇ ಒಂದು ಪಾಲು ತೂಕ, ಹಳೆಯದಾದ ಮೇಲೆ ಗುಜರಿಯವನೂ ಒಳ್ಳೆ ಬೆಲೆ ಕೊಡುತ್ತಾನೆ. ಸಮುದ್ರದ ದಂಡೆಯಲ್ಲಿದ್ದರೆ ನಾನೂ ಇದನ್ನೇ ಹಾಕಿಸುತ್ತಿದ್ದೆ. ಆದರೆ ನಮ್ಮ ಕಡೆ ಉಪ್ಪುಗಾಳಿ ಇಲ್ಲ. ಇಲ್ಲಿರುವುದು ಬಿಸಿಲು. ಬಿಸಿಲಿಗೆ ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗುತ್ತದೆ. 20 ಅಡಿ ಉದ್ದದ ಶೀಟು ರಾತ್ರಿಯಿಂದ ಮಧ್ಯಾಹ್ನಕ್ಕೆ 45 ಡಿಗ್ರಿ ಕಾವು ಏರಿತು ಅನ್ನಿ. ಕಬ್ಬಿಣ ಮೂರು ಮಿಲಿಮೀಟರ್‌ಗೆ ಸ್ವಲ್ಪ ಜಾಸ್ತಿ ಹಿಗ್ಗುತ್ತದೆ, ಅಲ್ಯುಮಿನಿಯಂ ಆರಕ್ಕಿಂತ ಜಾಸ್ತಿ. ದಿನಾ ಹಿಗ್ಗಿ ಕುಗ್ಗಿ ಸ್ಕ್ರೂ ತೂತು ಅಗಲವಾಗುತ್ತದೆ. ಸಂಜೆ ಹೊತ್ತು ತಗಡಿನ ಮನೆಯಲ್ಲಿ ಟಣ್ ಟಣ್ ಅಂತ ಸದ್ದು ಬರುತ್ತದಲ್ಲ, ಅದು ಈ ಕುಗ್ಗುವಿಕೆಯ ಸದ್ದೇ. ಜೊತೆಗೆ ಮೆತ್ತಗಿನ ಲೋಹ, ಆಲಿಕಲ್ಲು ಬಿದ್ದರೆ ಕುಳಿ ಬೀಳುತ್ತದೆ. ಗಂಗಾವತಿ, ಆನೆಗೊಂದಿ ಕಡೆ ಮಂಗಗಳ ಕಾಟಕ್ಕೆ ಹಂಚು ತೆಗೆಸಿ ತಗಡು ಹಾಕಿಸುವವರಿದ್ದಾರೆ. ಅವರಿಗೆ ತೆಳು ಅಲ್ಯುಮಿನಿಯಂ ಒಗ್ಗುವುದಿಲ್ಲ. ದಪ್ಪ ಕಬ್ಬಿಣದ ತಗಡೇ ವಾಸಿ.

ಕೊಟ್ಟಿಗೆಗೆ ಮಾತ್ರ ಅಲ್ಯುಮಿನಿಯಂ ಒಳ್ಳೆಯ ಆಯ್ಕೆ.

ಪಫ್ ಪ್ಯಾನೆಲ್

ಎರಡು ತಗಡಿನ ನಡುವೆ ಫೋಮ್ ತುಂಬಿದ ಹಲಗೆ. 30, 40, 50 ಮಿ.ಮೀ. ದಪ್ಪದಲ್ಲಿ ಬರುತ್ತದೆ. ಬಿಸಿಲನ್ನು ತಡೆಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಸಿಂಧನೂರಿನಲ್ಲಿ ನಮ್ಮ ಅಕ್ಕನ ಮನೆಯ ಮೇಲಿನ ಕೋಣೆಗೆ 50 ಮಿ.ಮೀ. ಪ್ಯಾನೆಲ್ ಹಾಕಿದ್ದಾರೆ. ಮೇ ತಿಂಗಳ ಮಧ್ಯಾಹ್ನ ಅಲ್ಲಿ ಮಕ್ಕಳು ಕುಳಿತು ಓದುತ್ತವೆ. ಮಳೆಯ ಸದ್ದೂ ಕಡಿಮೆ.

ಬೆಲೆ ಬರೀ ಕಲರ್ ಶೀಟಿಗಿಂತ ಬಹಳ ಜಾಸ್ತಿ. ಆದರೆ ಹೋಲಿಸುವಾಗ ಬರೀ ಶೀಟಿನ ಜೊತೆ ಹೋಲಿಸಬೇಡಿ. ಶೀಟು, ಅದರ ಕೆಳಗೆ ಹಾಕುವ ಫಾಯಿಲ್, ಅದರ ಕೆಳಗಿನ ಫಾಲ್ಸ್ ಸೀಲಿಂಗ್, ಮೂರೂ ಸೇರಿಸಿ ಲೆಕ್ಕ ಹಾಕಿ. ಆಗ ಅಂತರ ಅಷ್ಟೊಂದು ಕಾಣುವುದಿಲ್ಲ. ತೊಂದರೆ ಎರಡು. ತುದಿಗಳನ್ನು ಪಟ್ಟಿ ಹಾಕಿ ಸರಿಯಾಗಿ ಮುಚ್ಚದಿದ್ದರೆ ಇರುವೆ, ಇಲಿ ಫೋಮಿನೊಳಗೆ ಮನೆ ಮಾಡುತ್ತವೆ. ಇನ್ನೊಂದು ಬೆಂಕಿ. ಈ ಫೋಮ್ ಹತ್ತಿಕೊಂಡರೆ ವಿಷದ ಹೊಗೆ ಬರುತ್ತದೆ. ಸೌದೆ ಒಲೆ ಇರುವ ಅಡುಗೆ ಮನೆಗೆ ಇದನ್ನು ಹಾಕಬೇಡಿ. ಮಲಗುವ ಕೋಣೆಗೆ ಪಫ್, ಅಡುಗೆ ಮನೆಗೆ ಬಿಳಿ ಶೀಟು ಎಂದು ಬೇರೆ ಮಾಡಿದರೂ ಆಗುತ್ತದೆ.

ಸಿಮೆಂಟ್ ಶೀಟಿನ ಬಗ್ಗೆ ಒಂದು ಮಾತು

ತಗಡಿಗಿಂತ ತಂಪು, ತಗಡಿಗಿಂತ ಅಗ್ಗ ಅಂತ ಇದನ್ನು ಹಾಕುವವರು ಈಗಲೂ ಇದ್ದಾರೆ. ಕಲ್ನಾರು (ಆಸ್ಬೆಸ್ಟಾಸ್) ಇರುವ ಶೀಟಿನ ಪುಡಿ ಶ್ವಾಸಕೋಶಕ್ಕೆ ಹೋದರೆ ವರ್ಷಗಳ ನಂತರ ಕ್ಯಾನ್ಸರ್ ತರಬಹುದು. 60ಕ್ಕೂ ಜಾಸ್ತಿ ದೇಶಗಳು ಅದನ್ನು ನಿಷೇಧಿಸಿವೆ. ಹೊಸದಾಗಿ ಹಾಕಬೇಡಿ. ಮನೆಯ ಮೇಲೆ ಹಳೆಯದು ಇದ್ದು ಅದನ್ನು ತೆಗೆದು ತಗಡು ಹಾಕಿಸುತ್ತಿದ್ದರೆ, ಮೊದಲು ನೀರು ಹೊಡೆದು ತೋಯಿಸಿ. ಒಡೆಯದೆ ಇಡೀ ಶೀಟನ್ನೇ ಇಳಿಸಿ. ಕಟರ್‌ನಿಂದ ಕತ್ತರಿಸುವುದು, ಸುತ್ತಿಗೆಯಿಂದ ಒಡೆಯುವುದು ಬೇಡ. ಮಕ್ಕಳನ್ನು ಆ ದಿನ ಬೇರೆ ಮನೆಗೆ ಕಳಿಸಿ.

ಮಾಳಿಗೆ ಇದ್ದವರು ಅವಸರ ಮಾಡಬೇಡಿ

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು ಇದು. ಊರಲ್ಲಿ ಹಳೆಯ ಮಾಳಿಗೆ ಸೋರುತ್ತದೆ ಎಂದಕೂಡಲೇ ಜನ ಅದನ್ನು ಕೆಡವಿ ತಗಡು ಹೊದಿಸುತ್ತಾರೆ. ಮಣ್ಣು ಸೋರುವುದು ಯಾಕೆ? ಮೊದಲೆಲ್ಲ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ತಂದು ಮಾಳಿಗೆಯ ಮೇಲೆ ಹೊಸ ಪದರ ಹಾಕಿ ಮೇಲ್ಮುದ್ದಿ ಮಾಡುತ್ತಿದ್ದರು. ಹುಲ್ಲು ಕೀಳುತ್ತಿದ್ದರು. ನೀರು ಹೊರಗೆ ಹೋಗುವ ಹರನಾಳಿಗೆ ಬಿಡಿಸುತ್ತಿದ್ದರು. ಈಗ ಆ ಮಣ್ಣು ತರುವವರಿಲ್ಲ, ಮಾಡುವವರಿಲ್ಲ. ಹೊದಿಕೆ ಕೆಟ್ಟಿರುತ್ತದೆ, ಆದರೆ ಕೆಳಗಿನ ಜಂತಿ, ತೊಲೆ ಗಟ್ಟಿಯಾಗೇ ಇರುತ್ತವೆ.

ನಾವೂ ನಮ್ಮ ಮನೆಯ ಮುಂದಿನ ನಾಲ್ಕು ಅಂಕಣ ಕೆಡವಲು ಹೊರಟಿದ್ದೆವು. ದೊಡ್ಡಪ್ಪ ಬಂದು ಜಂತಿಗೆ ಉಳಿ ಚುಚ್ಚಿ ನೋಡಿದರು. ಗೆದ್ದಲು ಹಿಡಿದಿರಲಿಲ್ಲ. "ಏ ತಮ್ಮಾ, ಇದನ್ಯಾಕ ಕೆಡವತಿ? ಇದರ ಮ್ಯಾಲ ಒಂದು ಕೊಡಿ ಹಿಡದಂಗ ತಗಡ ಹಿಡಿ" ಅಂದರು. ಹಾಗೇ ಮಾಡಿದೆವು. ವರ್ಷಗಳಿಂದ ಒಂದರ ಮೇಲೊಂದು ಸುರಿದ ಹೆಚ್ಚಿನ ಮಣ್ಣನ್ನು ಇಳಿಸಿ ಭಾರ ಕಡಿಮೆ ಮಾಡಿದೆವು. ಗೋಡೆಗಳ ಮೇಲೆ ಕಾಂಕ್ರೀಟ್ ಬೆಡ್ ಹಾಕಿ, ಅದರಲ್ಲಿ ಬೋಲ್ಟ್ ಹೂಳಿ, ಆ ಬೋಲ್ಟಿಗೆ ಕಂಬಗಳ ಬೇಸ್ ಪ್ಲೇಟ್ ಬಿಗಿದೆವು. ಜಂತಿಯ ಮೇಲೆ ಒಂದು ಕಂಬವನ್ನೂ ನಿಲ್ಲಿಸಲಿಲ್ಲ. ಮಣ್ಣಿಗೂ ತಗಡಿಗೂ ನಡುವೆ ಎರಡು ಅಡಿ ಜಾಗ ಬಿಟ್ಟು, ಎರಡೂ ಕಡೆ ಗಾಳಿ ಆಡುವಂತೆ ಜಾಳಿಗೆ ಹೊಡೆದೆವು. ಬೆಳಕಿಂಡಿಯ ನೇರಕ್ಕೆ ಒಂದು ಪಾರದರ್ಶಕ ಶೀಟು ಹಾಕಿದೆವು.

ಹೀಗಾದಾಗ ತಗಡು ನೆರಳು ಕೊಡುತ್ತದೆ, ಮಳೆ ತಡೆಯುತ್ತದೆ. ತಗಡಿನಿಂದ ಇಳಿಯುವ ಕಾವನ್ನು ನಡುವಿನ ಗಾಳಿ ಹೊತ್ತೊಯ್ಯುತ್ತದೆ, ಉಳಿದದ್ದನ್ನು ಮಣ್ಣು ನುಂಗುತ್ತದೆ. ಸೋರುವ ಆರ್‌ಸಿಸಿ ಮನೆಯವರಿಗೂ ಇದೇ ದಾರಿ. ಬಳ್ಳಾರಿಯಲ್ಲಿ ಆರ್‌ಸಿಸಿ ಹಗಲೆಲ್ಲ ಕಾದು ರಾತ್ರಿ ಎರಡರವರೆಗೆ ಮನೆಯೊಳಗೆ ಕಾವು ಕಾರುತ್ತದೆ. ಅದರ ಮೇಲೊಂದು ಬಿಳಿ ತಗಡಿನ ನೆರಳು ಬಿದ್ದರೆ ಆ ಕಾವೇ ಅರ್ಧ ಇಳಿಯುತ್ತದೆ ಎಂದು ನನಗೆ ಅನಿಸಿದೆ.

ಕಳೆದುಕೊಳ್ಳುವುದೂ ಇದೆ, ಹೇಳಿಬಿಡುತ್ತೇನೆ. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿಸುವುದು, ಹಪ್ಪಳ ಸಂಡಿಗೆ ಹಾಕುವುದು, ಬೇಸಿಗೆ ರಾತ್ರಿ ಚುಕ್ಕಿ ನೋಡುತ್ತಾ ಮಲಗುವುದು ಎಲ್ಲ ನಿಲ್ಲುತ್ತದೆ. ಅವ್ವನಿಗೆ ಅದೇ ಬೇಜಾರು. ಅದಕ್ಕೇ ಒಂದು ಅಂಕಣವನ್ನು ತೆರೆದೇ ಬಿಟ್ಟಿದ್ದೇವೆ. ನಿಮ್ಮ ಮನೆಯಲ್ಲೂ ಮಾಳಿಗೆಯನ್ನು ಯಾರು ಜಾಸ್ತಿ ಬಳಸುತ್ತಾರೋ ಅವರನ್ನು ಕೇಳದೆ ತಗಡಿಗೆ ಅಡ್ವಾನ್ಸ್ ಕೊಡಬೇಡಿ.

ಮಾಳಿಗೆ ಇಲ್ಲ, ಆರ್‌ಸಿಸಿಯೂ ಇಲ್ಲ, ಗೋಡೆಯ ಮೇಲೆ ನೇರ ತಗಡೇ ಎನ್ನುವವರು ಕೆಳಗೊಂದು ಸೀಲಿಂಗ್ ಹಾಕಲೇಬೇಕು. ದುಬಾರಿಯದೇ ಆಗಬೇಕಿಲ್ಲ. ಬಿದಿರಿನ ತಟ್ಟಿ ಕಟ್ಟಿದರೂ ಅಂತರ ಗೊತ್ತಾಗುತ್ತದೆ. ತಟ್ಟಿಗೂ ತಗಡಿಗೂ ನಡುವಿನ ಬಿಸಿಗಾಳಿ ಹೊರಗೆ ಹೋಗಲು ಎತ್ತರದಲ್ಲಿ ಕಿಂಡಿ ಇರಬೇಕು. ಹೊಳೆಯುವ ಫಾಯಿಲ್ ಹಾಕುವುದಾದರೆ ಅದನ್ನು ತಗಡಿಗೆ ಅಂಟಿಸಬೇಡಿ. ಒಂದು ಇಂಚಾದರೂ ಗಾಳಿಯ ಜಾಗ ಇದ್ದರೇ ಅದು ಕೆಲಸ ಮಾಡುವುದು. ತಗಡಿನ ಮೇಲೆ ಜೋಳದ ಕಣಿಕೆ ಹರವುವುದನ್ನೂ ನೋಡಿದ್ದೇನೆ. ತಂಪೇನೋ ಹೌದು, ಆದರೆ ಮಳೆಗೆ ನೆನೆದು ಕೊಳೆತು ಲೇಪನ ತಿನ್ನುತ್ತದೆ. ಒಂದು ಕಿಡಿ ಬಿದ್ದರೆ ಮನೆಯೇ ಹೋಗುತ್ತದೆ.

ಅಂಗಡಿಯಲ್ಲಿ ತಕ್ಕಡಿ ಇರಲಿ

0.50 ಶೀಟು ಎಂದು ಹೇಳಿ 0.42 ಕೊಡುವುದು ಕೆಲವು ಕಡೆ ನಡೆಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಅಂಗಡಿಯವರು ಹೇಳುವ ದಪ್ಪ ಲೇಪನ ಮತ್ತು ಬಣ್ಣ ಸೇರಿಸಿದ್ದೋ, ಬರೀ ಕಬ್ಬಿಣದ್ದೋ ಎಂದು ಮೊದಲು ಕೇಳಿ. ಎಲ್ಲ ಸೇರಿ 0.50 ಇದ್ದರೆ ಒಳಗಿನ ಕಬ್ಬಿಣ 0.45ರ ಆಸುಪಾಸು ಇರುತ್ತದೆ. ಆಮೇಲೆ ಒಂದು ಶೀಟು ತೂಕಕ್ಕಿಡಿ. 4 ಅಡಿ ಅಗಲದ ತಗಡಿನ ಸುರುಳಿ, ಅಂದರೆ ಕಾಯಿಲ್‌ನಿಂದ ಮಾಡಿದ 10 ಅಡಿ ಉದ್ದದ 0.50 ಶೀಟು ಸುಮಾರು 13ರಿಂದ 14 ಕೆಜಿ ತೂಗಬೇಕು. ಒಂಬತ್ತೂವರೆ ಕೆಜಿ ಬಂದರೆ ಅದು 0.35. ತಕ್ಕಡಿಗೆ ಇಡಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.

ಕಾಯಿಲ್ 4 ಅಡಿ ಇದ್ದರೂ ಉಬ್ಬು ತಗ್ಗು ಅಚ್ಚು ಹೊಡೆದ ಮೇಲೆ ಶೀಟು ಮುಚ್ಚುವುದು ಒಂದು ಮೀಟರ್, ಅಂದರೆ 3.3 ಅಡಿ ಮಾತ್ರ. ರನ್ನಿಂಗ್ ಅಡಿ, ಅಂದರೆ ಬರೀ ಉದ್ದದ ಲೆಕ್ಕದಲ್ಲಿ ಬೆಲೆ ಹೇಳಿದಾಗ ಇದು ನೆನಪಿರಲಿ. ಮೊದಲು ಹೇಳಿದ 20-30ರ ಮನೆಗೆ ಎರಡು ಇಳಿಜಾರು ಮಾಡಿದರೆ, ಸೂರು ಸೇರಿ ಒಂದೊಂದು ಬದಿಗೆ ಹನ್ನೊಂದೂವರೆ ಅಡಿಯ ಹತ್ತು ಶೀಟು ಬೇಕು. ಒಟ್ಟು 230 ರನ್ನಿಂಗ್ ಅಡಿ. ನೆತ್ತಿಯ ಸಂದು ಮುಚ್ಚುವ ರಿಡ್ಜ್ ಪಟ್ಟಿ ಬೇರೆ. ಟಾಟಾ, ಜೆಎಸ್‌ಡಬ್ಲ್ಯು ಥರದ ದೊಡ್ಡ ಕಂಪನಿಗಳ ಶೀಟಿನ ಮೇಲೆ ಹೆಸರು ಅಚ್ಚಾಗಿರುತ್ತದೆ. ತೋರಣಗಲ್ಲಿನ ಕಾರ್ಖಾನೆ ಪಕ್ಕದಲ್ಲೇ ಇದೆ ಎಂದು ಎಲ್ಲ ಅಂಗಡಿಯ ಮಾಲೂ ಅಲ್ಲಿಯದೇ ಆಗಿರುವುದಿಲ್ಲ. ಬಿಲ್ಲಿನಲ್ಲಿ ಕಂಪನಿ, ದಪ್ಪ, ಲೇಪನ ಮೂರನ್ನೂ ಬರೆಸಿ.

ದುಡ್ಡು ಸಾಲದಿದ್ದರೆ ಎಲ್ಲಿ ಹಿಡಿಯಬೇಕು? ಹಂಚಿನ ಆಕಾರದ ಅಚ್ಚು, ಅಂಚಿನ ಜಾಲರಿ ಪಟ್ಟಿ ಬಿಡಿ. ಪೈಪು ಮತ್ತು ಸ್ಕ್ರೂಗೆ ಮಾತ್ರ ಕೈ ಹಿಡಿಯಬೇಡಿ.

ನಾವೇ ಹಾಕಬಹುದಾ?

ಅಣ್ಣ ತಮ್ಮಂದಿರು ನಾಲ್ಕು ಜನ ಇದ್ದರೆ, ಎತ್ತರಕ್ಕೆ ಹೆದರದಿದ್ದರೆ, ಶೀಟು ಹೊದಿಸುವ ಕೆಲಸ ಮಾಡಬಹುದು. ಚೌಕಟ್ಟಿನ ವೆಲ್ಡಿಂಗ್ ಮಾತ್ರ ಕಸುಬಿನವರಿಗೆ ಬಿಡಿ. ನಾವು ಎರಡನೇ ಸಲ ಹೀಗೇ ಮಾಡಿದೆವು. ವೆಲ್ಡಿಂಗ್ ಅಂಗಡಿಯವರು ಪೈಪ್ ಕಟ್ಟಿ ಹೋದರು, ಶೀಟು ನಾವೇ ಬಿಗಿದೆವು.

ಅಡ್ಡ ಪೈಪುಗಳ ನಡುವೆ ನಾಲ್ಕು ಅಡಿಗಿಂತ ಜಾಸ್ತಿ ಅಂತರ ಬೇಡ, ಸೂರಿನ ಕಡೆ ಮೂರು ಅಡಿ. ಗಾಳಿ ಮೊದಲು ಎತ್ತುವುದು ಅಂಚನ್ನೇ. ಸೂರು ಗೋಡೆಯಿಂದ ಎಷ್ಟೇ ಮುಂದೆ ಬರಲಿ, ಕೊನೆಯ ಪೈಪಿನಿಂದಾಚೆ ತಗಡು ಒಂದು ಅಡಿಗಿಂತ ಜಾಸ್ತಿ ಚಾಚಬಾರದು. ಇಳಿಜಾರು 10 ಅಡಿಗೆ ಒಂದೂವರೆ ಅಡಿ ಇರಲಿ. ನಮ್ಮ ಕಡೆ ಮಳೆಗಾಲದ ಗಾಳಿ ಪಡುವಣದಿಂದ ಬೀಸುತ್ತದೆ. ಹಾಗಾಗಿ ಮೂಡಣ ತುದಿಯಿಂದ ಹೊದಿಸುತ್ತಾ ಪಡುವಣಕ್ಕೆ ಬನ್ನಿ. ಆಗ ಒಂದರ ಮೇಲೊಂದು ಕೂತ ಅಂಚಿನ ಬಾಯಿ ಗಾಳಿಗೆ ಬೆನ್ನು ಹಾಕಿರುತ್ತದೆ. ಉದ್ದಕ್ಕೆ ಜೋಡಿಸುವ ಕಡೆ ಆರು ಇಂಚು ಮೇಲೆ ಕೂರಲಿ.

ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂಗಳಿಗೆ ರಬ್ಬರ್ ವಾಷರ್ ಇರುತ್ತದೆ. ವಾಷರ್ ಸ್ವಲ್ಪ ಅಮುಕಿ ಕೂತರೆ ಸಾಕು. ಅದು ಉಬ್ಬಿ ಹೊರಗೆ ಬರುವಷ್ಟು ಬಿಗಿದರೆ ಎರಡು ಬೇಸಿಗೆಗೆ ಸೀಳುತ್ತದೆ, ಅಲ್ಲಿಂದಲೇ ಸೋರುತ್ತದೆ. ಸೂರಿನಲ್ಲಿ ಪ್ರತಿ ಉಬ್ಬಿಗೆ ಒಂದು, ನಡುವೆ ಉಬ್ಬು ಬಿಟ್ಟು ಉಬ್ಬಿಗೆ ಒಂದು ಸ್ಕ್ರೂ ಹಾಕಿ. ಹಳೆ ಥರದ ಕೊಕ್ಕೆಯಾಕಾರದ ಜೆ ಬೋಲ್ಟ್ ಹಾಕುವುದಾದರೆ ಉಬ್ಬಿನ ಮೇಲೇ ಹಾಕಬೇಕು, ತಗ್ಗಿನಲ್ಲಿ ನೀರು ಹರಿಯುತ್ತದೆ. ಶೀಟು ಕತ್ತರಿಸಲು ಗ್ರೈಂಡರ್ ಬೇಡ. ಅದರ ಕಿಡಿ ಲೇಪನವನ್ನು ಸುಡುತ್ತದೆ. ತಗಡು ಕತ್ತರಿ ಬಳಸಿ. ಸಂಜೆ ಕೆಲಸ ಮುಗಿದ ಮೇಲೆ ಕಬ್ಬಿಣದ ಚೂರುಗಳನ್ನು ಪೊರಕೆಯಿಂದ ಗುಡಿಸಿ ಇಳಿಸಿ, ಇಲ್ಲದಿದ್ದರೆ ಮೊದಲ ಮಳೆಗೇ ಹೊಸ ತಗಡಿನ ತುಂಬ ತುಕ್ಕಿನ ಚುಕ್ಕೆ. ಕಲರ್ ಶೀಟಿನ ಮೇಲಿನ ಪ್ಲಾಸ್ಟಿಕ್ ಪದರವನ್ನು ಆ ದಿನವೇ ತೆಗೆಯಿರಿ. ಬಿಸಿಲಿಗೆ ಬೆಂದರೆ ಬಿಡುವುದಿಲ್ಲ.

ಶೀಟುಗಳನ್ನು ತಂದು ಅಂಗಳದಲ್ಲಿ ಒಟ್ಟಿಟ್ಟಾಗ ಮಳೆ ಬಂದರೆ ನಡುವೆ ನೀರು ನಿಂತು ಬಿಳಿ ಬೂಷ್ಟಿನಂಥ ಕಲೆ ಏಳುತ್ತದೆ. ಒಂದು ತುದಿ ಎತ್ತರಕ್ಕಿಟ್ಟು ಮುಚ್ಚಿಡಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಕರೆಂಟು. ಮನೆಗೆ ಬರುವ ಸರ್ವಿಸ್ ವೈರ್ ತಗಡಿಗೆ ತಾಗಿ ಸವೆದರೆ ಇಡೀ ಮೇಲ್ಛಾವಣಿಗೆ ಕರೆಂಟು ಹರಿಯುತ್ತದೆ. ಕೆಲಸಕ್ಕೆ ಮುಂಚೆ ಜೆಸ್ಕಾಂ ಲೈನ್‌ಮನ್‌ಗೆ ಹೇಳಿ ವೈರ್ ತೆಗೆಸಿ ಅಥವಾ ಎತ್ತರಿಸಿ. ತಗಡಿಗೆ ಒಂದು ಅರ್ಥಿಂಗ್ ಕೊಡಿಸಿ, ಬೋರ್ಡಿನಲ್ಲಿ ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಆರ್‌ಸಿಸಿಬಿ ಹಾಕಿಸಿ. 12 ಅಡಿ ಶೀಟು ಎತ್ತಿ ಹಿಡಿದಾಗ ಮೇಲಿನ ತಂತಿ ಎಷ್ಟು ದೂರ ಇದೆ ಎಂದು ಮೊದಲೇ ನೋಡಿಕೊಳ್ಳಿ. ಗಾಳಿ ಇದ್ದ ದಿನ ಶೀಟು ಮುಟ್ಟಬೇಡಿ, ಅದು ಮನುಷ್ಯನನ್ನೂ ಎಳೆದುಕೊಂಡು ಹೋಗುತ್ತದೆ. ಸೊಂಟಕ್ಕೆ ಹಗ್ಗ, ಕೈಗೆ ಗ್ಲೌಸ್ ಇರಲಿ. ಪೈಪಿನ ನೇರಕ್ಕೆ ಮಾತ್ರ ಕಾಲಿಡಿ. ಈ ಕೆಲಸಕ್ಕೆ ಒಳ್ಳೆಯ ಕಾಲ ಜನವರಿ, ಫೆಬ್ರವರಿ. ಬೆಳಗ್ಗೆ ಏಳಕ್ಕೆ ಹತ್ತಿ ಹನ್ನೊಂದಕ್ಕೆ ಇಳಿದುಬಿಡಿ.

ಸೂರಿಗೆ ಮಳೆನೀರು ಹಿಡಿಯುವ ದೋಣಿ ಕಟ್ಟಲು ಮರೆಯಬೇಡಿ. ಕೊಪ್ಪಳ, ರಾಯಚೂರಿನ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. 600 ಚದರ ಅಡಿಯ ತಗಡಿನ ಮೇಲೆ 600 ಮಿ.ಮೀ. ಮಳೆ ಬಿದ್ದರೆ 33,000 ಲೀಟರ್ ಆಗುತ್ತದೆ. ಹರಿದು, ಚೆಲ್ಲಿ ಹೋದದ್ದು ಕಳೆದರೂ 25,000 ಲೀಟರ್ ಕೈಗೆ ಸಿಗುತ್ತದೆ. ಮೊದಲ ಎರಡು ಮಳೆಯ ನೀರು ಧೂಳಿನದು, ಬಿಟ್ಟುಬಿಡಿ. ಆಮೇಲಿನದನ್ನು ತೊಟ್ಟಿಗೆ ತಿರುಗಿಸಿ, ಸೋಸಿ ಕಾಯಿಸಿ ಕುಡಿಯಿರಿ.

ಪ್ರತಿ ವರ್ಷ ಉಗಾದಿಗೆ ಮುಂಚೆ, ಗಾಳಿ ಶುರುವಾಗುವ ಮೊದಲು, ನಾನು ಬೆಳಗ್ಗೆ ಏಣಿ ಹಾಕಿ ಹತ್ತುತ್ತೇನೆ. ಸಡಿಲಾದ ಸ್ಕ್ರೂ ಬಿಗಿಯುತ್ತೇನೆ, ಸೀಳಿದ ವಾಷರ್ ಬದಲಿಸುತ್ತೇನೆ, ಬೇವಿನ ಎಲೆ ಕೂತ ಮೂಲೆ ಗುಡಿಸುತ್ತೇನೆ. ಕಳೆದ ಸಲ ಬದಲಿಸಿದ್ದು ಒಟ್ಟು ಹನ್ನೊಂದು ವಾಷರ್. ಒಂದು ಬೆಳಗಿನ ಕೆಲಸ. ಅಷ್ಟು ಹೊತ್ತೂ ಕೆಳಗೆ ಏಣಿ ಹಿಡಿದು ನಿಲ್ಲುವುದು ಅವ್ವ. ಬೇರೆ ಯಾರು ಬಂದರೂ ಅವಳು ಆ ಕೆಲಸ ಬಿಟ್ಟುಕೊಡುವುದಿಲ್ಲ.